ಓದುಗರೊಡನೆ: ಕಿವಿಗೊಟ್ಟು ಓದುವ ಕವಿತೆ

ತಮಗೆ ಪ್ರಿಯವಾದ ಒಂದು ಕವಿತೆಯನ್ನು ಹೆಸರಿಸಿ, ಅದು ಏಕೆ ಪ್ರಿಯವೆಂಬುದನ್ನು ಬರೆದು ಕಳುಹಿಸುವಂತೆ ಕಳೆದ ಸಂಚಿಕೆಯಲ್ಲಿ ಓದುಗರನ್ನು ಕೇಳಿಕೊಂಡಿದ್ದೆವು. ಬಂದ ಪತ್ರಗಳಲ್ಲಿ ಮೆಚ್ಚುಗೆಯ ಮಾತುಗಳಷ್ಟೇ ಪ್ರಶ್ನೆಗಳೂ ಇದ್ದುವು. ಅವುಗಳಲ್ಲಿ ಕೆಲವನ್ನು ಆರಿಸಿಕೊಂಡು ಈ ಬಾರಿ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನೀವು ಹಲವು ಕವಿಗಳ ವಿಷಯವಾಗಿ ಬರೆಯುತ್ತೀರಿ. ನೀವೇ ಮತ್ತೆ ಮತ್ತೆ ಓದುವ ಪದ್ಯ ಯಾವುದು? ದಯವಿಟ್ಟು ಒಂದನ್ನೇ ಹೇಳಿ, ಕಾರಣವನ್ನೂ ತಿಳಿಸಿ.
— ಓದುಗರೊಬ್ಬರು, ದಾವಣಗೆರೆ

ಉತ್ತರ: ಒಂದನ್ನೇ ಹೇಳಬೇಕೆಂದರೆ, 15ನೆಯ ಶತಮಾನದ ಗದುಗಿನ ಕವಿ ಕುಮಾರವ್ಯಾಸನ ಕರ್ಣಾಟ ಭಾರತ ಕಥಾಮಂಜರಿಯ ಉದ್ಯೋಗಪರ್ವದಲ್ಲಿ, ಕರ್ಣನಿಗೆ ತನ್ನ ಹುಟ್ಟಿನ ಗುಟ್ಟು ತಿಳಿದ ಗಳಿಗೆಯಲ್ಲಿ ಬರುವ ಪದ್ಯವನ್ನು ಹೇಳುತ್ತೇನೆ. ಸಂಧಾನ ಮುರಿದಿದೆ. ಕೃಷ್ಣನು ಕರ್ಣನೊಡನೆ 'ಮೈದುನತನದ ಸರಸ'ವಾಡುತ್ತ ಅವನನ್ನು ರಥಕ್ಕೆ ಸೆಳೆದು ಕೂರಿಸಿಕೊಂಡು, ನೀನು ಕುಂತಿಯ ಹಿರಿಯ ಮಗ, ಪಾಂಡವರೂ ಕೌರವರೂ ನಿನ್ನನ್ನು ಓಲೈಸಬೇಕಾದವರು ಎಂದು ಹೇಳುತ್ತಾನೆ. ಎಡಕ್ಕೆ ಕೌರವರು, ಬಲಕ್ಕೆ ಪಾಂಡವರು, ಎದುರಿಗೆ ಉಳಿದ ಅರಸರು ನಿಂತಿರುವ ಒಡ್ಡೋಲಗವನ್ನು ಅವನ ಕಣ್ಣಿಗೆ ಕಟ್ಟುವಂತೆ ಬಣ್ಣಿಸುತ್ತಾನೆ. ಅದನ್ನು ಕೇಳಿದ ಕರ್ಣನ ಸ್ಥಿತಿ ಇದು:

ಕೊರಳ ಸೆರೆ ಹಿಗ್ಗಿದವು ದೃಗುಜಲ
ಉರವಣಿಸಿ ಕಡು ನೊಂದನಕಟಾ
ಕುರುಪತಿಗೆ ಕೇಡಾದುದೆಂದನು ತನ್ನ ಮನದೊಳಗೆ
ಹರಿಯ ಹಗೆ ಹೊಗೆದೋರದುರುಹದೆ
ಬರಿದೆ ಹೋಹುದೆ ತನ್ನ ವಂಶವ
ನರುಹಿ ಕೊಂದನು ಹಲವು ಮಾತೇನೆಂದು ಚಿಂತಿಸಿದ

ಇಲ್ಲಿ ಮೊದಲು ಮಿಡಿಯುವುದು ಮೈ; ಮನಸ್ಸಿನ ಮಾತು ಆಮೇಲೆ. ಕೊರಳ ನರಗಳು ಉಬ್ಬುತ್ತವೆ, ಕಣ್ಣೀರು ನುಗ್ಗಿ ಬರುತ್ತದೆ, ಅನಂತರ ಒಂದು ಯೋಚನೆ ಮೂಡುತ್ತದೆ. ಆ ಯೋಚನೆ ಯಾವುದೆಂಬುದರಲ್ಲಿ ಇಡೀ ಕರ್ಣನಿದ್ದಾನೆ. ಜೀವಮಾನವೆಲ್ಲ ಸೂತಪುತ್ರನೆಂದು ಹೀಯಾಳಿಕೆ ಉಂಡವನಿಗೆ ಅರಸುಮಗನೆಂಬ ಸತ್ಯ ಈಗ ತಿಳಿದಿದೆ. ತಾಯಿ ಯಾರೆಂಬುದು ತಿಳಿದಿದೆ. ತಾನು ಕೊಲ್ಲಲು ಹೊರಟವರು ತಮ್ಮಂದಿರೆಂಬುದು ತಿಳಿದಿದೆ. ಇಷ್ಟೆಲ್ಲ ತಿಳಿದವನ ಮನಸ್ಸು ಮೊದಲು ಹೋಗುವುದು ತನ್ನ ಕಡೆಗಲ್ಲ, ತಾಯಿಯ ಕಡೆಗೂ ಅಲ್ಲ. 'ಅಕಟಾ, ಕುರುಪತಿಗೆ ಕೇಡಾದುದು' ಎಂದು ತನ್ನನ್ನು ಸಾಕಿದ ಒಡೆಯ ದುರ್ಯೋಧನನ ಕಡೆಗೆ. ತಮ್ಮಂದಿರೆಂದು ಗೊತ್ತಾದ ಮೇಲೆ ತನ್ನ ಬಾಣದ ಮೊನೆ ಮೊದಲಿನಂತಿರುವುದಿಲ್ಲವೆಂಬುದನ್ನು ಅವನು ಆ ಕ್ಷಣದಲ್ಲೇ ಕಂಡುಕೊಂಡಿದ್ದಾನೆ.

ಪದ್ಯದ ಉತ್ತರಾರ್ಧವನ್ನು ಗಮನಿಸಿ. ಹೊಗೆ ತೋರಿಸದೆ ಸುಡುವ ಬೆಂಕಿಯಂತೆ ಹರಿಯ ಹಗೆ. ಅದು ಸುಡದೆ ಸುಮ್ಮನೆ ಹೋದೀತೆ ಎಂದು ಕರ್ಣ ಯೋಚಿಸುತ್ತಾನೆ. ವಂಶವನ್ನು ತಿಳಿಸಿಯೇ ಕೊಂದನು ಎನ್ನುತ್ತಾನೆ. ಯಾರನ್ನು ಕೊಂದನು ಎಂಬುದನ್ನು ಮಾತ್ರ ಹೇಳುವುದಿಲ್ಲ. ಕೊರಳು ಬಿಗಿದಿರುವುದರಿಂದ ಇದೆಲ್ಲ ನಡೆಯುವುದು 'ಮನದೊಳಗೆ'. ಮುಂದೆ ಕೃಷ್ಣನೇ ಕೇಳುತ್ತಾನೆ, ನಿನ್ನ ಚಿತ್ತಕ್ಕೆ ಏನು ಗ್ಲಾನಿ, ಹೇಳು ಎಂದು. ಆಗ ಕರ್ಣ ಬಾಯಿಬಿಟ್ಟು ಹೇಳುವ ಉತ್ತರದ ಮೊದಲ ಪದ್ಯದ ಕೊನೆಯ ಮಾತು 'ಕೌರವೇಂದ್ರನ ಕೊಂದೆ ನೀನು' ಎಂಬುದು. ಮನಸ್ಸಿನಲ್ಲಿದ್ದಾಗ 'ಕೊಂದನು' ಎಂದಷ್ಟೇ ಇದ್ದ ಮಾತಿನೊಳಗೆ ಕರ್ಣನೂ ಸೇರಿದ್ದ. ಬಾಯಿಗೆ ಬರುವಾಗ ಅವನು ತನ್ನನ್ನು ಬಿಟ್ಟು ಒಡೆಯನನ್ನು ಮಾತ್ರ ಹೆಸರಿಸುತ್ತಾನೆ. ಹತ್ತನೆಯ ತರಗತಿಯ ಕನ್ನಡ ಪಠ್ಯದಲ್ಲಿ ಈ ಭಾಗ ಇದೇ ಮಾತನ್ನು ತಲೆಬರಹವಾಗಿಟ್ಟುಕೊಂಡು ಬಂದಿರುವುದರಿಂದ ನಿಮ್ಮಲ್ಲಿ ಅನೇಕರು ಇದನ್ನು ಓದಿರುತ್ತೀರಿ. ಪರೀಕ್ಷೆಗಾಗಿ ಓದಿದ್ದನ್ನು ಇನ್ನೊಮ್ಮೆ, ಯಾರೂ ಅಂಕ ಕೊಡದ ಈ ವಯಸ್ಸಿನಲ್ಲಿ, ಗಟ್ಟಿಯಾಗಿ ಓದಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. 'ಹರಿಯ ಹಗೆ ಹೊಗೆದೋರದುರುಹದೆ' ಎಂಬ ಸಾಲನ್ನು ಉಚ್ಚರಿಸುವಾಗ ಹಕಾರದಿಂದ ಹಕಾರಕ್ಕೆ ಉಸಿರು ಬಿಸಿಯಾಗಿ ಹೊರಬೀಳುತ್ತದೆ. ಕಣ್ಣಿನಲ್ಲಿ ಓದಿದವರಿಗೆ ಅದು ದಕ್ಕುವುದಿಲ್ಲ.

ಪ್ರಶ್ನೆ: ನಿವೃತ್ತನಾದ ಮೇಲೆ ಆಸೆಯಿಂದ ಕುಮಾರವ್ಯಾಸ ಭಾರತವನ್ನು ಕೊಂಡು ತಂದೆ. ಶಾಲೆಯಲ್ಲಿ ಮೇಷ್ಟ್ರು ಹಾಡುತ್ತಿದ್ದಾಗ ಎಲ್ಲ ಅರ್ಥವಾಗುತ್ತಿತ್ತು. ಈಗ ಒಬ್ಬನೇ ಓದಲು ಕುಳಿತರೆ ಸಾಲುಗಳು ಅರ್ಧದಲ್ಲೇ ತುಂಡಾದಂತೆ ಕಾಣುತ್ತವೆ, ತಲೆಬುಡ ತಿಳಿಯುವುದಿಲ್ಲ. ಏನು ಮಾಡಲಿ?
— ಓದುಗರೊಬ್ಬರು, ಕೊಪ್ಪಳ

ಉತ್ತರ: ತೊಂದರೆ ನಿಮ್ಮ ತಿಳಿವಳಿಕೆಯಲ್ಲಿಲ್ಲ, ಎಲ್ಲಿ ನಿಲ್ಲಬೇಕೆಂಬುದರಲ್ಲಿದೆ. ಕಾವ್ಯದ ಮೊದಲ ಪದ್ಯವನ್ನೇ ತೆಗೆದುಕೊಳ್ಳಿ. 'ಶ್ರೀವನಿತೆಯರಸನೆ ವಿಮಲ ರಾ' ಎಂಬಲ್ಲಿಗೆ ಮೊದಲ ಸಾಲು ಮುಗಿಯುತ್ತದೆ. 'ಜೀವಪೀಠನ ಪಿತನೆ ಜಗಕತಿ' ಎಂದು ಎರಡನೆಯದು ತೊಡಗುತ್ತದೆ. ಅಚ್ಚಿನಲ್ಲಿ ನೋಡಿದರೆ 'ರಾಜೀವ' ಎಂಬ ಪದ ನಡುವೆ ಕಡಿದುಬಿದ್ದಿದೆ. ನೀವು ಸಾಲಿನ ಕೊನೆಗೆ ನಿಂತರೆ ಅರ್ಥವೂ ಅಲ್ಲಿಯೇ ನಿಲ್ಲುತ್ತದೆ. ನಿಲ್ಲದೆ ಮುಂದೆ ಹೋದರೆ 'ವಿಮಲ ರಾಜೀವಪೀಠನ ಪಿತನೆ', ಎಂದರೆ ತಾವರೆಯನ್ನು ಪೀಠವಾಗಿ ಉಳ್ಳ ಬ್ರಹ್ಮನ ತಂದೆಯೇ, ಎಂದು ತಾನಾಗಿ ಕೂಡಿಕೊಳ್ಳುತ್ತದೆ.

ಕವಿ ಹೀಗೇಕೆ ಕಡಿಯುತ್ತಾನೆಂದರೆ, ಈ ಕಾವ್ಯದ ಛಂದಸ್ಸಾದ, ಆರು ಸಾಲಿನ ಭಾಮಿನೀ ಷಟ್ಪದಿಯ ನಡಿಗೆ ಅದನ್ನು ಬೇಡುತ್ತದೆ. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ, ದೀರ್ಘಕ್ಕೂ ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು ಮಾತ್ರೆ ಎಂದು ಎಣಿಸಿದರೆ, ಒಂದು, ಎರಡು, ನಾಲ್ಕು, ಐದನೆಯ ಸಾಲುಗಳು ಮೂರು-ನಾಲ್ಕು, ಮೂರು-ನಾಲ್ಕು ಎಂಬ ಗಣಗಳಲ್ಲಿ 14 ಮಾತ್ರೆ ನಡೆಯುತ್ತವೆ. ಮೂರನೆಯ ಮತ್ತು ಆರನೆಯ ಸಾಲುಗಳು ಅದೇ ನಡಿಗೆಯಲ್ಲಿ ಇನ್ನಷ್ಟು ದೂರ ಹೋಗಿ ಒಂದು ಗುರುವಿನಲ್ಲಿ, ಎಂದರೆ ಎರಡು ಮಾತ್ರೆಯ ಅಕ್ಷರದಲ್ಲಿ, ನಿಂತು 23 ಮಾತ್ರೆಗಳಾಗುತ್ತವೆ. ಇಡೀ ಪದ್ಯಕ್ಕೆ 102. ಇದರ ಜೊತೆಗೆ ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಿರಬೇಕೆಂಬ ಪ್ರಾಸನಿಯಮ ಬೇರೆ. ಮೇಲೆ ಕೊಟ್ಟ ಕರ್ಣನ ಪದ್ಯದಲ್ಲಿ ಕೊರಳ, ಉರವಣಿಸಿ, ಕುರುಪತಿ, ಹರಿ, ಬರಿದೆ, ಅರುಹಿ ಎಂದು ರಕಾರ ಆರು ಸಲ ಬಂದು ಹೋದದ್ದನ್ನು ಗಮನಿಸಿ. 'ವಂಶವನರುಹಿ' ಎಂಬುದು 'ವಂಶವ' ಎಂದೂ 'ನರುಹಿ' ಎಂದೂ ಒಡೆದದ್ದು ಈ ರಕಾರಕ್ಕಾಗಿಯೇ. ಇಷ್ಟು ಕಟ್ಟುಪಾಡಿನೊಳಗಿದ್ದೂ ಒಮ್ಮೆ ಇಟ್ಟ ಪದವನ್ನು ಅಳಿಸದಿರುವುದು ತನ್ನ ಅಗ್ಗಳಿಕೆಯೆಂದು ಆತ ಹೇಳಿಕೊಂಡಿದ್ದಾನೆ. ಓದುತ್ತ ಹೋದಂತೆ ಆ ಮಾತನ್ನು ನಂಬಬೇಕೆನಿಸುತ್ತದೆ.

ಆದ್ದರಿಂದ ಮೂರನೆಯ ಸಾಲಿನ ಕೊನೆಯವರೆಗೆ ಎಲ್ಲಿಯೂ ಉಸಿರು ನಿಲ್ಲಿಸದೆ ಓದಿ, ಅಲ್ಲೊಮ್ಮೆ ನಿಂತು, ಉಳಿದ ಮೂರು ಸಾಲುಗಳನ್ನು ಒಟ್ಟಿಗೆ ಮುಗಿಸಿ. ನಿಮ್ಮ ಮೇಷ್ಟ್ರು ಮಾಡುತ್ತಿದ್ದದ್ದು ಅದನ್ನೇ. ಕಾವ್ಯವನ್ನು ರಾಗವಾಗಿ ಓದುವ ಗಮಕಿಗಳೂ ಅದನ್ನೇ ಮಾಡುತ್ತಾರೆ: ರಾಗವಿರುತ್ತದೆ, ತಾಳದ ಕಟ್ಟು ಇರುವುದಿಲ್ಲ, ಪದವನ್ನು ಅರ್ಥವರಿತು ಬಿಡಿಸುತ್ತಾರೆ, ಪಕ್ಕದಲ್ಲಿ ಕುಳಿತ ವ್ಯಾಖ್ಯಾನಕಾರರು ವಿವರಿಸುತ್ತಾರೆ. ಶಿವಮೊಗ್ಗದ ಬಳಿ ತುಂಗೆಯ ದಡದಲ್ಲಿರುವ ಹೊಸಹಳ್ಳಿ ಈ ಕಲೆಯನ್ನು ಇಂದಿಗೂ ಉಳಿಸಿಕೊಂಡಿರುವ ಊರು. ಅಲ್ಲಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಕನ್ನಡದ ಒಂದು ಓದುವ ಕ್ರಮಕ್ಕೇ ಮನ್ನಣೆ ಸಿಕ್ಕಿತೆಂದು ನಾನು ಸಂತೋಷಪಟ್ಟೆ. ಧ್ವನಿಮುದ್ರಣಗಳು ದೊರೆಯುತ್ತವೆ, ಪುಸ್ತಕವನ್ನು ತೆರೆದಿಟ್ಟುಕೊಂಡು ಒಂದು ಸಂಧಿಯನ್ನು (ಅಧ್ಯಾಯವನ್ನು) ಕೇಳಿ, ಬಳಿಕ ಅದನ್ನೇ ನೀವು ಓದಿ. ಆದಿಪರ್ವದಿಂದಲೇ ತೊಡಗಬೇಕೆಂಬ ಹಟ ಬೇಡ. ಉದ್ಯೋಗಪರ್ವ ಅಥವಾ ಕರ್ಣಪರ್ವದಿಂದ ತೊಡಗಿದರೆ ಕಥೆಯ ಬಿಸಿ ನಿಮ್ಮನ್ನು ಮುಂದಕ್ಕೆ ಕರೆದೊಯ್ಯುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ನಿಘಂಟು ಕೈಗೆ ಸಿಗುವಂತಿರಲಿ, ಆದರೆ ಪದ್ಯ ಪೂರ್ತಿ ಓದಿ ಮುಗಿಯುವವರೆಗೆ ಅದನ್ನು ತೆರೆಯಬೇಡಿ.

ಪ್ರಶ್ನೆ: ನಾನು ಕವಿತೆಗಳನ್ನು ಪುಸ್ತಕದಲ್ಲಿ ಓದಿದವಳಲ್ಲ, ಭಾವಗೀತೆಗಳಾಗಿ ಕೇಳಿದವಳು. ಇದು ಕಾವ್ಯವನ್ನು ಅರಿಯುವ ಕೆಳದರ್ಜೆಯ ದಾರಿಯೆಂದು ಗೆಳತಿಯೊಬ್ಬಳು ಹೇಳುತ್ತಾಳೆ. ನಿಮ್ಮ ಅಭಿಪ್ರಾಯವೇನು?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಕೆಳದರ್ಜೆಯದೆಂದು ನಾನು ಒಪ್ಪುವುದಿಲ್ಲ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಇವರೆಲ್ಲ ಹಾಡದೆ ಇದ್ದಿದ್ದರೆ ಬೇಂದ್ರೆ, ಕೆ.ಎಸ್. ನರಸಿಂಹಸ್ವಾಮಿ, ನಿಸಾರ್ ಅಹಮದ್ ಇವರ ಸಾಲುಗಳು ಅಡುಗೆಮನೆಯವರೆಗೆ ಬರುತ್ತಿರಲಿಲ್ಲ. ಆದರೆ ಹಾಡಿನ ಇಂಪು ಕೆಲವೊಮ್ಮೆ ಕವಿತೆಯ ಮುಖ್ಯವಾದ ಮಾತನ್ನು ಮರೆಮಾಡುತ್ತದೆ. ಎರಡು ಉದಾಹರಣೆ ಕೊಡುತ್ತೇನೆ.

1942ರಲ್ಲಿ ಬಂದ ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ'ಯ 'ರಾಯರು ಬಂದರು ಮಾವನ ಮನೆಗೆ' ನಿಮಗೆ ಬಾಯಿಗೆ ಬರುತ್ತಿರಬಹುದು. ಹುಣ್ಣಿಮೆ, ಮಲ್ಲಿಗೆಯ ಪರಿಮಳ, ಕಾಲು ತೊಳೆಯಲು ಬಿಸಿನೀರು, ಬೆಳ್ಳಿಯ ಬಟ್ಟಲಲ್ಲಿ ಗಸಗಸೆ ಪಾಯಸ, ಹಾಸಿದ ಮಂಚ, ಎಲ್ಲವೂ ಸಿದ್ಧವಾಗಿದೆ. ದಿಂಬಿನ ಅಂಚಿನಲ್ಲಿ ಪದುಮ ಹಾಕಿದ ಹೂವೂ ಇದೆ. ಪದುಮ ಮಾತ್ರ ಒಳಗಿಲ್ಲ. ಏಕಿಲ್ಲವೆಂಬುದನ್ನು ಕವಿ ಎಲ್ಲಿಯೂ ಹೇಳುವುದಿಲ್ಲ. ಬೆಳಗಾದ ಮೇಲೆ ರಾಯರು ಮುನಿಸಿಕೊಂಡು ಹೊರಡಲು ಎದ್ದಾಗ, ಒಳಮನೆಯಲ್ಲಿ ನೀರಾಯಿತೆಂದು ನಾದಿನಿ ರಾಗವಾಗಿ ಹೇಳುತ್ತಾಳೆ, ಅಷ್ಟೆ. ಆ ಕಾಲದ ಮನೆಗಳಲ್ಲಿ ಹೆಂಗಸರು ತಿಂಗಳಿಗೆ ಮೂರು ದಿನ ಹೊರಗೆ ಕೂರುತ್ತಿದ್ದರೆಂಬುದು ಗೊತ್ತಿದ್ದವರಿಗೆ ಆ ಒಂದು ಮಾತಿನಿಂದ ಇಡೀ ರಾತ್ರಿ ಬೇರೆಯದೇ ಆಗಿ ತೋರುತ್ತದೆ. ಮನೆಯವರಿಗೆಲ್ಲ ತಿಳಿದಿದ್ದು ಅಳಿಯನಿಗೆ ಮಾತ್ರ ಯಾರೂ ಹೇಳಲಾಗದಿದ್ದ ಸಂಗತಿ ಅದು. ಹೇಳದೆ ಬಿಟ್ಟದ್ದನ್ನು ಕಾಣಬೇಕಾದರೆ ಪುಟದ ಮುಂದೆ ತುಸು ಹೊತ್ತು ಕೂರಬೇಕು. ಹಾಡು ನಮಗಾಗಿ ಕಾಯುವುದಿಲ್ಲ.

ಎರಡನೆಯದು ಬೇಂದ್ರೆಯವರ 'ನೀ ಹೀಂಗ ನೋಡಬ್ಯಾಡ ನನ್ನ'. ಇದನ್ನು ಪ್ರೇಮಗೀತೆಯೆಂದು ತಿಳಿದು ಮದುವೆಮನೆಯಲ್ಲಿ ಹಾಡಿದ್ದನ್ನು ಕೇಳಿ ನನಗೆ ಬಹಳ ಸಂಕಟವಾಗಿತ್ತು. ಅದು ಮಗುವನ್ನು ಕಳೆದುಕೊಳ್ಳುತ್ತಿರುವ ತಂದೆ, ತಾಯಿಯ ನೋಟವನ್ನು ಎದುರಿಸಲಾರದೆ ಆಡುವ ಮಾತು. ನರಸಿಂಹಸ್ವಾಮಿಯವರಲ್ಲಿ ಬಾನನ್ನು ಹರಸಿದ ಅದೇ ಹುಣ್ಣಿಮೆಯ ಚಂದ್ರ ಇಲ್ಲಿ ಹಗಲಿನ ಮುಗಿಲಲ್ಲಿ ಹೆಣವಾಗಿ ತೇಲಿ ಬರುತ್ತಾನೆ. ಹೆಂಡತಿಯ ಬಿಳಚಿದ ಮುಖವನ್ನು ಇಷ್ಟು ದಾರುಣವಾಗಿ, ಇಷ್ಟು ಪ್ರೀತಿಯಿಂದ ಕಂಡ ಇನ್ನೊಂದು ಸಾಲು ನನಗೆ ನೆನಪಿಗೆ ಬರುವುದಿಲ್ಲ. ಆದ್ದರಿಂದ ಹಾಡನ್ನು ಕೇಳುವುದನ್ನು ಬಿಡಬೇಡಿ. ಪ್ರಿಯವಾದ ಹಾಡು ಮುಗಿದ ಮೇಲೆ ಅದರ ಪೂರ್ಣಪಾಠವನ್ನು ಹುಡುಕಿ, ರಾಗವನ್ನು ಬದಿಗಿಟ್ಟು, ಮಾತಿನ ಧಾಟಿಯಲ್ಲಿ ಒಮ್ಮೆ ಓದಿ. ಧ್ವನಿಸುರುಳಿಯಲ್ಲಿ ಬಿಟ್ಟುಹೋದ ನುಡಿಗಳೂ ಆಗ ಸಿಗುತ್ತವೆ.

ಪ್ರಶ್ನೆ: ಪ್ರಾಸವಿಲ್ಲ, ಲಯವಿಲ್ಲ, ಗದ್ಯವನ್ನೇ ತುಂಡು ಮಾಡಿ ಒಂದರ ಕೆಳಗೊಂದು ಬರೆದರೆ ಅದನ್ನು ಕವಿತೆಯೆನ್ನುವುದು ಹೇಗೆ? ಇಂದಿನ ಕವಿತೆಗಳನ್ನು ಓದಿದಾಗಲೆಲ್ಲ ಹೀಗೆನಿಸುತ್ತದೆ.
— ಓದುಗರೊಬ್ಬರು, ಮಂಗಳೂರು

ಉತ್ತರ: ಪ್ರಾಸದ ಜಗಳವನ್ನು ಮೊದಲು ಹೂಡಿದವರು ನಿಮ್ಮ ನೆರೆಯವರೇ. ಮಂಜೇಶ್ವರದ ಗೋವಿಂದ ಪೈಗಳು 20ನೆಯ ಶತಮಾನದ ಆರಂಭದಲ್ಲಿ ದ್ವಿತೀಯಾಕ್ಷರ ಪ್ರಾಸವನ್ನು ಬಿಟ್ಟು ಬರೆಯತೊಡಗಿದಾಗ ಆಕ್ಷೇಪಿಸಿದವರು ಕಡಮೆಯಿರಲಿಲ್ಲ. ಅದಕ್ಕಿಂತ ಬಹಳ ಹಿಂದೆ, 12ನೆಯ ಶತಮಾನದಲ್ಲಿ, ವಚನಕಾರರು ಪ್ರಾಸವನ್ನೂ ಮಾತ್ರಾಗಣವನ್ನೂ ಬಿಟ್ಟಿದ್ದರು. ಅಕ್ಕಮಹಾದೇವಿಯ ಈ ಮಾತುಗಳನ್ನು ಬೇಕೆಂದೇ ಸಾಲು ಮುರಿಯದೆ ಕೊಡುತ್ತೇನೆ: ಬೆಟ್ಟದ ಮೇಲೊಂದು ಮನೆಯ ಮಾಡಿ ಮೃಗಗಳಿಗಂಜಿದಡೆಂತಯ್ಯಾ? ಸಮುದ್ರದ ತಡಿಯಲೊಂದು ಮನೆಯ ಮಾಡಿ ನೊರೆತೆರೆಗಳಿಗಂಜಿದಡೆಂತಯ್ಯಾ? ಸಂತೆಯೊಳಗೊಂದು ಮನೆಯ ಮಾಡಿ ಶಬ್ದಕ್ಕೆ ನಾಚಿದಡೆಂತಯ್ಯಾ?

ಓಲೆಗರಿಯಲ್ಲಿ ಸಾಲು ಒಡೆದು ಬರೆಯುವ ರೂಢಿಯಿರಲಿಲ್ಲ. ಇಂದು ನಾವು ಪುಸ್ತಕದಲ್ಲಿ ಕಾಣುವ ಸಾಲುಗಳು ಸಂಪಾದಕರು ಒಡೆದವು. ಹೀಗೆ ಒಟ್ಟಿಗೆ ಬರೆದರೂ ನಿಮ್ಮ ಉಸಿರು ಎಲ್ಲಿ ನಿಲ್ಲಬೇಕೋ ಅಲ್ಲಿಯೇ ನಿಂತಿತಲ್ಲವೆ? ಮೊದಲೆರಡು ಮನೆಗಳಲ್ಲಿ ಅಂಜಿಕೆಯಿದೆ. ಜನರ ನಡುವಿನ ಮೂರನೆಯ ಮನೆಗೆ ಬಂದಾಗ ಅಂಜಿಕೆಯ ಜಾಗದಲ್ಲಿ ನಾಚಿಕೆ ಬಂದಿದೆ. ಎರಡು ಸಲ ಒಂದೇ ಹೆಜ್ಜೆಯಿಟ್ಟು ಮೂರನೆಯ ಸಲ ಬದಲಿಸಿದ್ದರಿಂದಲೇ ನಮಗೆ ಆ ವ್ಯತ್ಯಾಸ ಕೇಳಿಸಿತು. ಊರೆಲ್ಲ ಆಡಿಕೊಂಡ ಹೆಣ್ಣೊಬ್ಬಳು ಹೇಳಿದ ಮಾತು ಇದೆಂದು ನೆನೆದರೆ ಆ ಬದಲಾವಣೆಯ ಹಿಂದಿನ ನೋವು ತಿಳಿಯುತ್ತದೆ. ಲಯವೆಂದರೆ ಇದು.

ಗೋಪಾಲಕೃಷ್ಣ ಅಡಿಗರು 'ಯಾವ ಮೋಹನ ಮುರಳಿ ಕರೆಯಿತೊ' ಎಂದು ಸೊಗಸಾದ ಛಂದಸ್ಸಿನಲ್ಲಿ ಬರೆಯಬಲ್ಲವರಾಗಿದ್ದರು. ಅವರೇ 'ಚಂಡೆ ಮದ್ದಳೆ' (1954), 'ಭೂಮಿಗೀತ' (1959) ಸಂಕಲನಗಳಲ್ಲಿ ಆ ಸೊಗಸನ್ನು ಮುರಿದರು. ತಾವು ಕಾಣುತ್ತಿದ್ದ ಬದುಕಿಗೆ ಹಳೆಯ ಇಂಪು ಹೊಂದುವುದಿಲ್ಲವೆಂದು ಅವರಿಗೆ ತೋರಿತ್ತು. ಮುರಿಯುವ ಹಕ್ಕು ಕಟ್ಟಬಲ್ಲವರಿಗೆ ಸಲ್ಲುತ್ತದೆಂದು ನಾನು ನಂಬಿದ್ದೇನೆ. ಇಂದು ಅಚ್ಚಾಗುವುದರಲ್ಲಿ ಬರಿಯ ತುಂಡುಗದ್ಯವೂ ಇದೆಯೆಂಬ ನಿಮ್ಮ ದೂರಿನಲ್ಲಿ ಹುರುಳಿದೆ. ಸಂದೇಹ ಬಂದಾಗ ಆ ಕವಿತೆಯನ್ನು ಅಕ್ಕನ ವಚನದಂತೆ ಒಂದೇ ಸಾಲಾಗಿ ಬರೆದು ಗಟ್ಟಿಯಾಗಿ ಓದಿ. ಉಸಿರು ತಾನಾಗಿ ತಂಗುದಾಣಗಳನ್ನು ಕಂಡುಕೊಂಡರೆ ಅದರಲ್ಲಿ ಕವಿತೆಯಿದೆ. ಇಲ್ಲವಾದರೆ ಮುಂದಿನ ಪುಟಕ್ಕೆ ಹೋಗಲು ನೀವು ಸ್ವತಂತ್ರರು.

ಪ್ರಶ್ನೆ: ನಮ್ಮ ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಬೀಸುವ ಪದಗಳನ್ನು ರಾತ್ರಿಯಿಡೀ ಹಾಡಬಲ್ಲಳು. ಅವುಗಳನ್ನು ದೊಡ್ಡ ಕವಿಗಳ ಕಾವ್ಯದ ಸಾಲಿಗೆ ಸೇರಿಸಬಹುದೆ?
— ಓದುಗರೊಬ್ಬರು, ವಿಜಯಪುರ

ಉತ್ತರ: ಧಾರಾಳವಾಗಿ ಸೇರಿಸಬಹುದು. ನಿಮ್ಮ ಜಿಲ್ಲೆಯ ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು, ನಿಮ್ಮ ಅವ್ವನಂತಹ ಹೆಣ್ಣುಮಕ್ಕಳ ಬಾಯಿಂದಲೇ ಕೇಳಿ ಬರೆದುಕೊಂಡು 'ಗರತಿಯ ಹಾಡು' ಎಂಬ ಸಂಕಲನವನ್ನು ಹೊರತಂದರು. ಬೇಂದ್ರೆಯವರ ಕಾವ್ಯದ ನಡಿಗೆಯಲ್ಲಿ ಮೂರು ಸಾಲಿನ ಈ ತ್ರಿಪದಿಗಳ ಹೆಜ್ಜೆಗುರುತು ಎದ್ದು ಕಾಣುತ್ತದೆ. ಇದೊಂದನ್ನು ನೋಡಿ:

ಕೂಸು ಇದ್ದ ಮನಿಗೆ ಬೀಸಣಿಕಿ ಯಾತಕ
ಕೂಸು ಕಂದಯ್ಯ ಒಳಹೊರಗ ಆಡಿದರ
ಬೀಸಣಿಕಿ ಗಾಳಿ ಸುಳಿದಾವ

ಬೇಸಗೆಯ ಸೆಕೆಯಲ್ಲಿ ಬೀಸುಕಲ್ಲಿನ ಮುಂದೆ ಬೆವರುತ್ತ ಕುಳಿತ ತಾಯಿ, ಒಳಗೆ ಹೊರಗೆ ಓಡಾಡುವ ಮಗು, ಅದು ಪಕ್ಕದಲ್ಲಿ ಹಾದುಹೋದಾಗ ಮೈಗೆ ತಾಗುವ ಒಂದಿಷ್ಟು ಗಾಳಿ. ಮಗುವನ್ನು ಮುದ್ದು ಎನ್ನಲಿಲ್ಲ, ಚಂದ ಎನ್ನಲಿಲ್ಲ; ಅದರ ಓಡಾಟದಿಂದ ತನಗಾದ ಹಿತವನ್ನಷ್ಟೇ ಹೇಳಿದಳು. ಇದನ್ನು ಕಟ್ಟಿದವಳ ಹೆಸರು ಯಾರಿಗೂ ತಿಳಿಯದು. ನಿಮ್ಮಲ್ಲಿ ನನ್ನದೊಂದು ಕೋರಿಕೆಯಿದೆ: ಅವ್ವ ಹಾಡುವುದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ, ಅವರಾಡುವ ಉಚ್ಚಾರಣೆಯನ್ನು ತಿದ್ದದೆ ಹಾಗೆಯೇ ಬರೆದಿಡಿ. ಅಚ್ಚಾದ ಸಂಕಲನಗಳಲ್ಲಿ ಇಲ್ಲದ ಪದಗಳು ಅವರ ಬಳಿ ಖಂಡಿತ ಇರಬಹುದು.

ಪ್ರಶ್ನೆ: ನಾವು ಅಮೆರಿಕದಲ್ಲಿದ್ದೇವೆ. ಆರು ವರ್ಷದ ಮಗಳು ಕನ್ನಡ ಮಾತಾಡುತ್ತಾಳೆ, ಓದಲು ಇನ್ನೂ ಬಾರದು. ಅವಳಿಗೆ ಕವಿತೆಯ ರುಚಿ ಹತ್ತಿಸುವುದು ಹೇಗೆ?
— ಓದುಗ ದಂಪತಿಗಳು

ಉತ್ತರ: ಓದಲು ಬರುವವರೆಗೆ ಕಾಯಬೇಕಾಗಿಲ್ಲ. ಜಿ.ಪಿ. ರಾಜರತ್ನಂ ಅವರ 'ಬಣ್ಣದ ತಗಡಿನ ತುತ್ತೂರಿ'ಯಿಂದ ಪ್ರಾರಂಭಿಸಿ. 'ಸರಿಗಮ ಪದನಿಸ' ಎಂದು ಹತ್ತಿ 'ಸನಿದಪ ಮಗರಿಸ' ಎಂದು ಇಳಿಯುವಾಗ ಮಗು ಅದನ್ನು ಹಾಡಿಯೇ ಹಾಡುತ್ತದೆ. ನೀರಿಗೆ ಬಿದ್ದ ತುತ್ತೂರಿಗೆ ಗಂಟಲು ಕಟ್ಟಿದಾಗ ಅದನ್ನು ಕೊಂಡ ಹುಡುಗ ಕಸ್ತೂರಿಯ ಗೋಳೂ ಅದಕ್ಕೆ ತಿಳಿಯುತ್ತದೆ. ಆಮೇಲೆ ಪಂಜೆ ಮಂಗೇಶರಾಯರ 'ನಾಗರ ಹಾವೆ' ಮತ್ತು 'ತೆಂಕಣ ಗಾಳಿಯಾಟ'. ಎರಡನೆಯದರಲ್ಲಿ ಬುಸುಗುಟ್ಟುತ್ತ ಬರುವ ಗಾಳಿಯನ್ನು ನೀವೇ ಕೋಣೆಯ ಈ ತುದಿಯಿಂದ ಆ ತುದಿಗೆ ನಡೆಯುತ್ತ ದನಿಯೇರಿಸಿ ಹೇಳಬೇಕು. ಅರ್ಥವನ್ನು ಇಂಗ್ಲಿಷಿನಲ್ಲಿ ವಿವರಿಸಲು ಹೋಗಬೇಡಿ. ಮಗಳು ಕೇಳಿದರೆ ಮಾತ್ರ ಕನ್ನಡದಲ್ಲೇ ಹೇಳಿ. ದಿನವೂ ಮಲಗುವ ಮುನ್ನ ಒಂದೇ ಪದ್ಯ ಸಾಕು. ಬೇಸರವೆನ್ನುವವರೆಗೆ ಅದೇ ಇರಲಿ, ಬೇರೆ ಬೇಕೆಂದು ಅವಳೇ ಕೇಳಿದ ದಿನ ಮುಂದಿನದಕ್ಕೆ ಹೋಗಿ.